ಆಯಿಲ್ ನೋಡದೆ ಸೀಜ್ ಆದ ಎಂಜಿನ್: ಇಳಿಸುವುದು, ಏರಿಸುವುದು, ಎರಡನೆಯದನ್ನು ಉಳಿಸಿಕೊಳ್ಳುವುದು

ಸೀಜ್ ಆದ, ಎಂದರೆ ಒಳಗಿನ ಭಾಗಗಳು ಹಿಡಿದುಕೊಂಡು ತಿರುಗದಂತಾದ ಎಂಜಿನ್ ಇಳಿಸಿ ಇನ್ನೊಂದನ್ನು ಏರಿಸುವುದು ಕೈ ಪಳಗಿದ ಇಬ್ಬರಿಗೆ ಎರಡು ಮೂರು ದಿನದ ಕೆಲಸ. ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕುವುದರಲ್ಲಿ ದೊಡ್ಡ ಗುಟ್ಟೇನಿಲ್ಲ. ಆದರೂ ಬದಲಿಸಿದ ಎಂಜಿನ್ ವರ್ಷ ತುಂಬುವುದರೊಳಗೆ ಅದೇ ಟಕಟಕ ಸದ್ದು ಮಾಡಿಕೊಂಡು ಗ್ಯಾರೇಜಿಗೆ ವಾಪಸ್ ಬರುವುದುಂಟು. ಹಳೆಯ ರೇಡಿಯೇಟರ್, ಹಳೆಯ ಆಯಿಲ್ ಸ್ಟ್ರೈನರ್ (ಪಂಪಿಗೆ ಹೋಗುವ ಆಯಿಲ್ ಸೋಸುವ ಜಾಲರಿ), ಹಳೆಯ ಪೈಪಿನೊಳಗಿನ ಕೆಸರು, ಎಲ್ಲವನ್ನೂ ಹಾಗೆಯೇ ಹೊಸದಕ್ಕೆ ಕಟ್ಟಿಕೊಟ್ಟಿರುತ್ತಾರೆ. ಮೊದಲನೆಯದನ್ನು ಕೊಂದದ್ದೇ ಎರಡನೆಯದನ್ನೂ ಕೊಲ್ಲುತ್ತದೆ. ಅದಕ್ಕೇ ಈ ಬರಹದಲ್ಲಿ ಬಿಚ್ಚುವ ಕಟ್ಟುವ ಮಾತಿಗಿಂತ, ಸತ್ತದ್ದು ಯಾಕೆ, ಏನನ್ನು ಎಸೆಯಬೇಕು, ಏನನ್ನು ತೊಳೆಯಬೇಕು ಎನ್ನುವುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಉದಾಹರಣೆಗೆ ಇಟ್ಟುಕೊಂಡಿರುವುದು 2024ಕ್ಕೆ ಮುಂಚಿನ ಸ್ವಿಫ್ಟ್, ಡಿಜೈರ್, ಹಾಗೂ ಐ10 ಥರದ, ಮುಂದಿನ ಚಕ್ರ ಎಳೆಯುವ 1.2 ಲೀಟರ್ ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರು. ಡೀಸೆಲ್‌ಗೆ ಬೇರೆ ಮಾಡಬೇಕಾದ ಕಡೆ ಅಲ್ಲಲ್ಲೇ ಹೇಳಿದ್ದೇವೆ.

ನಿಜವಾಗಿಯೂ ಎಂಜಿನ್ನೇ ಹೋಗಿದೆಯೇ?

ಕೀ ತಿರುಗಿಸಿದರೆ ‘ಟಕ್’ ಎಂದು ನಿಲ್ಲುತ್ತಿದೆ ಎಂದ ಮಾತ್ರಕ್ಕೆ ಎಂಜಿನ್ ಸತ್ತಿದೆ ಎಂದು ತೀರ್ಮಾನಿಸಬೇಡಿ. ಮೊದಲು ಬ್ಯಾಟರಿ ನೋಡಿ, 12.4 ವೋಲ್ಟ್‌ಗಿಂತ ಕಡಿಮೆ ಇದ್ದರೆ ಚಾರ್ಜ್ ಮಾಡಿ. ಆಮೇಲೆ ಗೇರ್ ನ್ಯೂಟ್ರಲ್‌ಗೆ ತಂದು, ಆಲ್ಟರ್ನೇಟರ್ ಮತ್ತು ಎಸಿ ಬೆಲ್ಟ್‌ಗಳನ್ನು ಕಳಚಿ, ಪುಲ್ಲಿಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ. ಎಸಿ ಕಂಪ್ರೆಸರ್ ಜಾಮ್ ಆಗಿದ್ದರೂ ಎಂಜಿನ್ ಸೀಜ್ ಆದಂತೆಯೇ ಕಾಣುತ್ತದೆ.

ಬೆಲ್ಟ್ ತೆಗೆದ ಮೇಲೂ ಬಿಗಿಯಾಗಿದ್ದರೆ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಉದ್ದ ಹ್ಯಾಂಡಲ್‌ನಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ ನಿಧಾನವಾಗಿ ಒತ್ತಿ. ಪ್ಲಗ್ ತೂತಿನಿಂದ ನೀರು ಚಿಮ್ಮಿ ಎಂಜಿನ್ ತಿರುಗಿತು ಎಂದರೆ ಸಿಲಿಂಡರ್‌ಗೆ ನೀರು ನುಗ್ಗಿದೆ. ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ, ವಾಲ್ವ್ ಇರುವ ಭಾಗ) ಬಿಚ್ಚಿ ನೋಡುವ ಕೆಲಸ, ಎಂಜಿನ್ ಬದಲಿಸುವ ಕೆಲಸ ಇನ್ನೂ ಅಲ್ಲ. ಒಂದಿಷ್ಟೂ ಅಲುಗದಿದ್ದರೆ ಅಲ್ಲಿಗೆ ನಿಲ್ಲಿಸಿ. ಗೇರಿಗೆ ಹಾಕಿ ಇನ್ನೊಂದು ಗಾಡಿಯಿಂದ ಎಳೆಸಿ ಸ್ಟಾರ್ಟ್ ಮಾಡಿಸುವ ಸಾಹಸ ಮಾತ್ರ ಬೇಡ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ, ಅರ್ಧ ಹಿಡಿದುಕೊಂಡಿರುವ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿನ (ಸಿಲಿಂಡರ್‌ಗಳಿರುವ ಎಂಜಿನ್ನಿನ ಮುಖ್ಯ ಒಡಲು) ಗೋಡೆ ಒಡೆದು ಹೊರಬಂದರೆ, ರಿಪೇರಿಗೆ ಉಳಿದಿದ್ದ ದಾರಿಯೂ ಮುಚ್ಚುತ್ತದೆ.

ಎಂಜಿನ್ ತಿರುಗುತ್ತಿದ್ದು ಹೊಗೆ, ಸದ್ದು, ಶಕ್ತಿ ಇಲ್ಲದಿರುವುದು ತೊಂದರೆಯಾದರೆ ಕಂಪ್ರೆಷನ್, ಎಂದರೆ ಸಿಲಿಂಡರಿನೊಳಗೆ ಏರುವ ಒತ್ತಡ, ಅಳೆಯಿರಿ. ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರ್ ಕಳಚಿ, ಎಲ್ಲ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಗೇಜ್ ಹಾಕಿ ಐದಾರು ಸುತ್ತು ತಿರುಗಿಸಿ. ಇಂಥ ಎಂಜಿನ್ ಆರೋಗ್ಯವಾಗಿದ್ದರೆ 170ರಿಂದ 200 ಪಿಎಸ್‌ಐ ತೋರಿಸುತ್ತದೆ. 130ರ ಕೆಳಗೆ ಇಳಿದರೆ, ಅಥವಾ ಒಂದು ಸಿಲಿಂಡರ್‌ಗೂ ಇನ್ನೊಂದಕ್ಕೂ 20ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ, ಕಡಿಮೆ ಇರುವ ಸಿಲಿಂಡರ್‌ಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಅದಕ್ಕೆ ಹೆಡ್ ಕೆಲಸ ಸಾಕು. ಪೂರ್ತಿ ಎಂಜಿನ್ ಬದಲಿಸಿ ಎಂದು ಯಾರಾದರೂ ಹೇಳಿದರೆ ಈ ಎರಡು ಅಳತೆ ಕೇಳಿ ಪಡೆಯಿರಿ.

ಸಾವಿನ ಕಾರಣ ಸಂಪಿನೊಳಗಿದೆ

ಆಯಿಲ್ ಸಂಪ್ (ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಬಿಚ್ಚದೆ ಹೊಸ ಎಂಜಿನ್ ತರಲು ಹೋಗಬೇಡಿ. ಸರ್ವಿಸ್ ತಪ್ಪಿಸಿದ ಕಾರಿನ ಸಂಪ್ ಕೆಳಗಿಳಿಸಿದರೆ ತಳದಲ್ಲಿ ಒಂದು ಬೆರಳು ದಪ್ಪ ಕರಿ ಹಲ್ವದಂಥ ಪದರ ಕೂತಿರುತ್ತದೆ. ಮೇಲೆ ನೋಡಿದರೆ ಸ್ಟ್ರೈನರಿನ ಜಾಲರಿ ಮುಕ್ಕಾಲು ಪಾಲು ಮುಚ್ಚಿರುತ್ತದೆ. ಆಗುವುದು ಇಷ್ಟು: ಆಯಿಲ್‌ಗೆ ಕಂಪನಿ ಬೆರೆಸಿದ ತೊಳೆಯುವ ರಾಸಾಯನಿಕಗಳು ಒಂದು ಮಿತಿಯವರೆಗೆ ಮಸಿಯನ್ನು ತೇಲಿಸಿ ಇಟ್ಟುಕೊಂಡಿರುತ್ತವೆ. ಅವು ಮುಗಿದ ಮೇಲೆ ಮಸಿ, ತೇವ, ಬೆಂದ ಆಯಿಲ್ ಸೇರಿ ಕೆಸರಾಗುತ್ತವೆ. ಜಾಲರಿ ಕಟ್ಟಿದ ಮೇಲೆ ಸಂಪಿನಲ್ಲಿ ಆಯಿಲ್ ಇದ್ದರೂ ಪಂಪಿಗೆ ಸಿಗುವುದಿಲ್ಲ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಇರಬೇಕಾದ ತೆಳುವಾದ ಆಯಿಲ್ ಪೊರೆ ಹರಿದು ಲೋಹಕ್ಕೆ ಲೋಹ ತಾಗುತ್ತದೆ.

ಕನೆಕ್ಟಿಂಗ್ ರಾಡಿನ ಕೆಳತುದಿಯ ಹಿಡಿಕೆ, ಬಿಗ್ ಎಂಡ್ ಕ್ಯಾಪ್, ಒಂದನ್ನು ಬಿಚ್ಚಿ ಬೇರಿಂಗ್ ಕೈಗೆ ತೆಗೆದುಕೊಳ್ಳಿ. ಒಳಮೈ ನಯವಾದ ಬೂದು ಬಣ್ಣದಲ್ಲಿರಬೇಕು. ಗೀರು ಬಿದ್ದು ತಾಮ್ರದ ಬಣ್ಣವೋ ಉಕ್ಕಿನ ಬೆನ್ನೋ ಕಂಡರೆ ಅದು ಹೋಗಿದೆ. ಕ್ರ್ಯಾಂಕಿನ ಜರ್ನಲ್ (ಬೇರಿಂಗಿನಲ್ಲಿ ತಿರುಗುವ ದುಂಡು ಭಾಗ) ಮೇಲೆ ಉಗುರು ಅಡ್ಡಲಾಗಿ ಎಳೆಯಿರಿ; ಉಗುರು ಸಿಕ್ಕಿಕೊಂಡಿತೆಂದರೆ ಗ್ರೈಂಡಿಂಗ್ ಇಲ್ಲದೆ ಹೊಸ ಬೇರಿಂಗ್ ಹಾಕಿ ಪ್ರಯೋಜನವಿಲ್ಲ.

ಆಯಿಲ್ ಬದಲಿಸಿದ್ದೇವಲ್ಲ ಎನ್ನುವವರದೂ ಒಂದು ತಪ್ಪಿರುತ್ತದೆ, ನಡುವೆ ಡಿಪ್‌ಸ್ಟಿಕ್ ನೋಡಿರುವುದಿಲ್ಲ. ಈ ಗಾತ್ರದ ಎಂಜಿನ್ನಿಗೆ ಹಿಡಿಸುವುದೇ ಮೂರು ಲೀಟರ್ ಚಿಲ್ಲರೆ. ಸಾವಿರ ಕಿ.ಮೀ.ಗೆ 300 ಮಿ.ಲೀ. ಕುಡಿಯುವ ಹಳೆಯ ಎಂಜಿನ್, 10,000 ಕಿ.ಮೀ. ಸರ್ವಿಸ್ ಬರುವಷ್ಟರಲ್ಲಿ ಮೂರು ಲೀಟರನ್ನೂ ಮುಗಿಸಿರುತ್ತದೆ. ಕೆಂಪು ಆಯಿಲ್ ದೀಪ ಹತ್ತುವುದು ಒತ್ತಡ ಬಿದ್ದ ಮೇಲೆ. ಅದು ಹತ್ತಿದ ಮೇಲೆ ‘ಮನೆ ಹತ್ತಿರವೇ ಇದೆಯಲ್ಲ’ ಎಂದು ಓಡಿಸಿದ ಎರಡು ಕಿಲೋಮೀಟರಿಗೇ ಬೇರಿಂಗ್ ಹೋಗಿರುತ್ತದೆ.

ಕೋಲಾರದ ಕಡೆ ಇನ್ನೊಂದು ಕಾರಣ ಇದೆ, ಅದು ನೀರು. ಇಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ನೀರು ಗಡಸು. ಸ್ನಾನದ ಹಂಡೆಯ ಒಳಗೆ ಕಟ್ಟುವ ಬಿಳಿ ಪೊರೆಯನ್ನು ಎಲ್ಲರೂ ನೋಡಿದ್ದೇವೆ, ಉಳಿಯಲ್ಲಿ ಕೆತ್ತಿದರೂ ಬಿಡುವುದಿಲ್ಲ. ರೇಡಿಯೇಟರ್‌ಗೆ ಕೂಲಂಟ್ ಬದಲು ಅದೇ ನೀರು ಸುರಿದರೆ ಅದೇ ಪೊರೆ ಎಂಜಿನ್ನಿನೊಳಗೂ ಕಟ್ಟುತ್ತದೆ. ಬಿಸಿ ಹೆಚ್ಚಾದಷ್ಟೂ ಸುಣ್ಣದಂಶ ನೀರಿನಿಂದ ಬಿಟ್ಟು ಕೂರುತ್ತದೆ, ಹಾಗಾಗಿ ಮೊದಲು ಕಟ್ಟುವುದು ಅತಿ ಬಿಸಿ ಜಾಗದಲ್ಲಿ, ಹೆಡ್ಡಿನ ವಾಲ್ವ್ ಸುತ್ತ. ಅಲ್ಲಿಂದ ಶಾಖ ಹೊರಬರದೆ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ, ನೀರು ಆಯಿಲ್‌ಗೆ ಬೆರೆತು ಹಾಲು ಹಾಕಿದ ಕಾಫಿಯಂತಾಗುತ್ತದೆ. ಆಯಿಲ್ ಕ್ಯಾಪಿನ ಕೆಳಗೆ ಈ ಬಣ್ಣದ ಕೆನೆ ದಪ್ಪಗೆ ಕಂಡರೆ ಮುಂದೆ ಓಡಿಸಬೇಡಿ. ಇನ್ನೊಂದು ಮಾತು: ನೀರು ಪೂರ್ತಿ ಸೋರಿಹೋದಾಗ ಟೆಂಪರೇಚರ್ ಮೀಟರ್ ಮೇಲೆ ಹೋಗದೆಯೂ ಇರಬಹುದು. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳುತ್ತದೆ.

ಬೋರಿಂಗ್ ಮಾಡಿಸುವುದೋ, ಬೇರೆ ಎಂಜಿನ್ ತರುವುದೋ

ಬ್ಲಾಕ್ ಒಡೆದಿಲ್ಲ, ಹೆಡ್ ಬಿರುಕು ಬಿಟ್ಟಿಲ್ಲ ಎಂದರೆ ನಮ್ಮ ಒಲವು ಇರುವ ಎಂಜಿನ್ನನ್ನೇ ಕಟ್ಟಿಸುವುದರ ಕಡೆಗೆ. ಲೇತ್ ಶಾಪಿನಲ್ಲಿ ಕ್ರ್ಯಾಂಕ್ 0.25 ಮಿ.ಮೀ. ಗ್ರೈಂಡ್ ಮಾಡಿ ಅಂಡರ್‌ಸೈಜ್ ಬೇರಿಂಗ್, ಬೋರ್ ದೊಡ್ಡದು ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕಿದರೆ ಒಳಗೆ ಏನಿದೆ ಎಂಬುದು ನಿಮಗೆ ಗೊತ್ತಿರುತ್ತದೆ, ಎಂಜಿನ್ ನಂಬರೂ ಬದಲಾಗುವುದಿಲ್ಲ. ಆದರೆ ನಿಮ್ಮ ಎಂಜಿನ್ನಿಗೆ ಓವರ್‌ಸೈಜ್ ಪಿಸ್ಟನ್, ಅಂಡರ್‌ಸೈಜ್ ಬೇರಿಂಗ್ ಸಿಗುತ್ತವೆಯೇ ಎಂದು ಮೊದಲು ವಿಚಾರಿಸಿ, ಆಮೇಲೆ ಬ್ಲಾಕ್ ಲೇತಿಗೆ ಒಯ್ಯಿರಿ.

ರಾಡ್ ಹೊರಬಂದು ಬ್ಲಾಕ್ ತೂತಾಗಿದ್ದರೆ ಬೇರೆ ದಾರಿಯಿಲ್ಲ. ಹಾಫ್ ಎಂಜಿನ್ ಎಂದರೆ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಮಾತ್ರ; ಫುಲ್ ಎಂಜಿನ್ ಎಂದರೆ ಹೆಡ್ಡೂ ಸೇರಿ. ಎಂಜಿನ್ ನಂಬರ್ ಕೊರೆದಿರುವುದು ಬ್ಲಾಕ್ ಮೇಲೆ, ಹಾಗಾಗಿ ಹಾಫ್ ಎಂಜಿನ್ ತಂದರೂ ನಂಬರ್ ಬದಲಾಗುತ್ತದೆ. ಹಳೆಯ ಎಂಜಿನ್ ಹುಡುಕಿ ಇಲ್ಲಿಂದ ಹೋಗುವವರು ಸಾಮಾನ್ಯವಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಹೋಗುತ್ತಾರೆ. ಹೊಸ ಬಿಡಿಭಾಗಕ್ಕೆ ಜೆ.ಸಿ. ರಸ್ತೆ. ಹೋಗುವಾಗ ಟಾರ್ಚ್, ಸಾಕೆಟ್, ಪ್ಲಗ್ ಸ್ಪ್ಯಾನರ್ ಜೊತೆಗಿರಲಿ.

ಅಂಗಡಿಯಲ್ಲಿ ಮಾಡಬೇಕಾದ್ದು: ನಂಬರಿನ ಮೊದಲ ಅಕ್ಷರಗಳು ನಿಮ್ಮದಕ್ಕೆ ಹೊಂದಬೇಕು. ಕೆ12ಎಂ ಮತ್ತು ಕೆ12ಎನ್ ಎರಡೂ ಮಾರುತಿಯ 1.2 ಲೀಟರ್ರೇ ಆದರೂ ಒಂದರ ಜಾಗಕ್ಕೆ ಇನ್ನೊಂದು ಕೂರಿಸಲಾಗದು. ಬಿಎಸ್-4 (ಹೊಗೆಯ ಮಿತಿಯ ಸರ್ಕಾರಿ ಮಾನದಂಡ) ಕಾರಿಗೆ ಬಿಎಸ್-4 ಎಂಜಿನ್ನೇ ಬೇಕು. ನಂಬರಿನ ಮೇಲೆ ಗ್ರೈಂಡರ್ ಗುರುತಿದ್ದರೆ ಮಾತಾಡದೆ ಎದ್ದು ಬನ್ನಿ. ಆಯಿಲ್ ಕ್ಯಾಪ್ ತೆಗೆದು ಟಾರ್ಚ್ ಬಿಡಿ: ಒಳಗೆ ಜೇನಿನ ಬಣ್ಣವಿದ್ದರೆ ಸರಿ, ಕರಿ ಹಕ್ಕಳೆ ಇದ್ದರೆ ನಿಮ್ಮ ಸತ್ತ ಎಂಜಿನ್ನಿನ ಅಣ್ಣನೇ ಅದು. ಪ್ಲಗ್ ತೆಗೆದು ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ಕೈಯಿಂದ ತಿರುಗಿಸಿ, ಎಲ್ಲೂ ತಡೆಯಬಾರದು. ಸಾಧ್ಯವಾದರೆ ಸಂಪ್ ಬಿಚ್ಚಿಸಿ ನೋಡಿ. ಒಳ್ಳೆಯ ಮಾಲು ಇರುವವರು ಬೇಡ ಎನ್ನುವುದಿಲ್ಲ.

ಕಾಗದದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಎಂಜಿನ್ ನಂಬರ್ ಬರೆದ ಬಿಲ್, ಮಾರಿದವರ ಗುರುತಿನ ಚೀಟಿಯ ಪ್ರತಿ, ಯಾವ ಗಾಡಿಯಿಂದ ಬಂತೋ ಅದರ ಆರ್‌ಸಿ ಪ್ರತಿ ಕೇಳಿ. ಕಳವಿನ ಗಾಡಿಯದೋ ಅಲ್ಲವೋ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಎನ್‌ಸಿಆರ್‌ಬಿಯ ‘ವಾಹನ್ ಸಮನ್ವಯ್’ನಲ್ಲಿ ಹಣ ಕೊಡುವ ಮುಂಚೆಯೇ ನೋಡಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಮೊದಲೇ ಬೇಕು. ಕೆಎ-07 ಗಾಡಿಗೆ ಕೋಲಾರ, ಕೆಎ-08ಕ್ಕೆ ಕೆಜಿಎಫ್ ಕಚೇರಿ. ಸಾಲ ಇದ್ದರೆ ಸಾಲ ಕೊಟ್ಟವರ ಒಪ್ಪಿಗೆ ಪತ್ರ ಸೇರಿಸಿ, ವಿಮೆ ಕಂಪನಿಗೂ ಬರೆದು ತಿಳಿಸಿ. ಆರ್‌ಸಿಯಲ್ಲಿ ಒಂದು ನಂಬರ್, ಬ್ಲಾಕಿನಲ್ಲಿ ಇನ್ನೊಂದು ಇದ್ದರೆ ಅಪಘಾತದ ದಿನ ಕ್ಲೇಮಿಗೂ, ಮಾರುವ ದಿನ ವರ್ಗಾವಣೆಗೂ ತೊಡಕು.

ಮೊದಲೇ ತಂದಿಟ್ಟುಕೊಳ್ಳಬೇಕಾದ್ದು

ಎಂಜಿನ್ ಹೊರಗಿರುವಾಗ ಬದಲಿಸದೆ ಬಿಟ್ಟ 300 ರೂಪಾಯಿಯ ಸೀಲಿಗಾಗಿ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. ಹಾಗಾಗಿ ಇವು ಹೊಸದಾಗಿ ಇರಲಿ: ಕ್ರ್ಯಾಂಕಿನ ಹಿಂದಿನ ಮುಂದಿನ ಆಯಿಲ್ ಸೀಲ್, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಮತ್ತು ಡ್ರೈವ್ ಶಾಫ್ಟ್ ಸೀಲ್, ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ವಾಟರ್ ಪಂಪ್, ಥರ್ಮೋಸ್ಟಾಟ್, ರೇಡಿಯೇಟರ್ ಕ್ಯಾಪ್, ಎಲ್ಲ ನೀರಿನ ಹೋಸ್ ಮತ್ತು ಕ್ಲಿಪ್, ಬೆಲ್ಟ್‌ಗಳು, ಆಯಿಲ್ ಸ್ಟ್ರೈನರ್, ಆಯಿಲ್ ಪ್ರೆಶರ್ ಸ್ವಿಚ್, ಪಿಸಿವಿ ವಾಲ್ವ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ಗಳು, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್. ಮ್ಯಾನುಯಲ್ ಹೇಳುವ ದರ್ಜೆಯ ಎಂಜಿನ್ ಆಯಿಲ್ ಎರಡು ಸಲಕ್ಕಾಗುವಷ್ಟು, ಆಯಿಲ್ ಫಿಲ್ಟರ್ ಎರಡು, ಗೇರ್ ಆಯಿಲ್, ಕೂಲಂಟ್, 5 ಲೀಟರಿನ ಡಿಸ್ಟಿಲ್ಡ್ ವಾಟರ್ ಕ್ಯಾನ್. ಒಂದು ಟನ್ ಚೈನ್ ಬ್ಲಾಕ್, ನಾಲ್ಕು ಗಟ್ಟಿ ಸ್ಟ್ಯಾಂಡ್, ಟಾರ್ಕ್ ರೆಂಚ್ (ಬಿಗಿತ ಅಳೆದು ಬಿಗಿಯುವ ಸ್ಪ್ಯಾನರ್) ಬೇಕೇ ಬೇಕು. ಗೇರ್‌ಬಾಕ್ಸ್ ಸೇರಿ ನೂರು ಕೆಜಿ ದಾಟುವ ಭಾರ, ಮರದ ಕೊಂಬೆಗೆ ಕಟ್ಟುವ ಮಾತಲ್ಲ.

ಇಳಿಸುವುದು

ಪ್ರತಿ ಕನೆಕ್ಟರ್ ಕಳಚುವ ಮುಂಚೆ ಫೋನಿನಲ್ಲಿ ಫೋಟೋ, ಕಳಚಿದ ಮೇಲೆ ಎರಡೂ ತುದಿಗೆ ಒಂದೇ ಸಂಖ್ಯೆ ಬರೆದ ಟೇಪು. ಬೋಲ್ಟ್‌ಗಳು ಎಲ್ಲಿಯವು ಎಂದು ಬರೆದ ಕವರುಗಳಿಗೆ ಹೋಗಲಿ. ಒಂದೇ ಡಬ್ಬಿಗೆ ಹಾಕಿದರೆ ಉದ್ದದ ಬೋಲ್ಟ್ ಗಿಡ್ಡ ತೂತಿಗೆ ಹೋಗಿ ಅಲ್ಯೂಮಿನಿಯಂ ಕೇಸಿಂಗ್ ಒಡೆಯುತ್ತದೆ.

ಬ್ಯಾಟರಿಯ ನೆಗೆಟಿವ್ ಮೊದಲು, ಆಮೇಲೆ ಪಾಸಿಟಿವ್. ಪೆಟ್ರೋಲ್ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಬ್ಯಾಟರಿ ಕಳಚುವ ಮುಂಚೆ ಫ್ಯೂಯೆಲ್ ಪಂಪಿನ ಫ್ಯೂಸ್ ತೆಗೆದಿಡಿ, ಆಮೇಲೆ ಜಾಯಿಂಟಿನ ಸುತ್ತ ಬಟ್ಟೆ ಸುತ್ತಿ ನಿಧಾನವಾಗಿ ಬಿಡಿಸಿ. ಸುತ್ತಮುತ್ತ ಬೀಡಿ, ಬೆಂಕಿ ಇರಕೂಡದು. ಕೂಲಂಟನ್ನು ಬಾಣಲೆಗೆ ಇಳಿಸಿ ತಕ್ಷಣ ಕ್ಯಾನಿಗೆ ತುಂಬಿ ಮುಚ್ಚಿಡಿ. ಅದು ಸಿಹಿ, ನಾಯಿ ದನ ನೆಕ್ಕಿದರೆ ಸಾಯುತ್ತವೆ.

ಬಾನೆಟ್ ಕೀಲಿನ ಸುತ್ತ ಮಾರ್ಕರ್‌ನಿಂದ ಗೆರೆ ಎಳೆದು ಬಿಚ್ಚಿ. ಏರ್ ಫಿಲ್ಟರ್ ಬಾಕ್ಸ್, ಬ್ಯಾಟರಿ ಟ್ರೇ, ರೇಡಿಯೇಟರ್ ಮತ್ತು ಫ್ಯಾನ್ ಹೊರಬರಲಿ. ಎಸಿ ಪೈಪ್ ಬಿಚ್ಚಬೇಡಿ. ಕಂಪ್ರೆಸರನ್ನು ಬ್ರಾಕೆಟ್‌ನಿಂದ ಬಿಡಿಸಿ, ಪೈಪ್ ಸಹಿತ ಪಕ್ಕಕ್ಕೆ ಕಟ್ಟಿದರೆ ಗ್ಯಾಸ್ ಉಳಿಯುತ್ತದೆ. ಸೈಲೆನ್ಸರ್ ಮುಂದಿನ ಪೈಪಿನ ನಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಹೊಡೆದಿಡಿ. ಗೇರ್ ಆಯಿಲ್ ಇಳಿಸಿ, ಆಕ್ಸಲ್ ನಟ್ ಮತ್ತು ಬಾಲ್ ಜಾಯಿಂಟ್ ಬಿಡಿಸಿ, ಡ್ರೈವ್ ಶಾಫ್ಟ್‌ಗಳನ್ನು ಎಳೆದುಕೊಳ್ಳಿ. ಕ್ಲಚ್ ಕೇಬಲ್, ಗೇರ್ ಕೇಬಲ್, ಅರ್ತ್ ವೈರ್‌ಗಳು ಕೊನೆಗೆ.

ಮೌಂಟಿಂಗ್ ಬೋಲ್ಟ್ ಮುಟ್ಟುವ ಮುಂಚೆ ಭಾರ ಪೂರ್ತಿ ಚೈನ್ ಮೇಲೆ ಬಂದಿರಬೇಕು. ಬಿಚ್ಚಿದ ಮೇಲೆ ಎರಡು ಇಂಚು ಮಾತ್ರ ಎತ್ತಿ, ನಿಲ್ಲಿಸಿ, ಸುತ್ತ ಟಾರ್ಚ್ ಬಿಟ್ಟು ನೋಡಿ. ಮರೆತ ವೈರ್ ಒಂದಾದರೂ ಇದ್ದೇ ಇರುತ್ತದೆ. ತೂಗುವ ಎಂಜಿನ್ ಕೆಳಗೆ ಕೈಯೂ ಬೇಡ, ಕಾಲೂ ಬೇಡ.

ತೊಳೆಯುವುದು: ಇಲ್ಲಿ ಒಂದು ಪೂರ್ತಿ ದಿನ ಕೊಡಿ

ಹಳೆಯದರಿಂದ ಹೊಸದಕ್ಕೆ ದಾಟುವ ಒಂದೊಂದು ಭಾಗವನ್ನೂ ಅನುಮಾನದಿಂದ ನೋಡಿ. ಇಂಟೇಕ್ ಮ್ಯಾನಿಫೋಲ್ಡ್ ಒಳಗೆ ಆಯಿಲ್ ಕೆಸರು, ಥ್ರಾಟಲ್ ಬಾಡಿಯಲ್ಲಿ ಮಸಿ ಇರುತ್ತದೆ, ತೊಳೆದು ಗಾಳಿ ಹೊಡೆಯಿರಿ. ಸಂಪನ್ನು ಡೀಸೆಲ್‌ನಲ್ಲಿ ತೊಳೆದು, ನೂಲು ಬಿಡದ ಬಟ್ಟೆಯಿಂದ ಒರೆಸಿ. ಕಾಟನ್ ವೇಸ್ಟ್ ಬಳಸಿದರೆ ಅದರ ಎಳೆಗಳೇ ಸ್ಟ್ರೈನರಿಗೆ ಹೋಗಿ ಕೂರುತ್ತವೆ.

ಸಂಪ್ ಕೂರಿಸುವಾಗ ಹಾಕುವ ಸಿಲಿಕಾನ್ ಪೇಸ್ಟ್ 3 ಮಿ.ಮೀ. ದಪ್ಪದ ಒಂದೇ ಗೆರೆ, ಬೋಲ್ಟ್ ತೂತಿನ ಒಳಬದಿಯಿಂದ ಸುತ್ತಿ ಬರಲಿ. ಸೋರಬಾರದೆಂದು ಧಾರಾಳವಾಗಿ ಬಳಿದರೆ, ಬಿಗಿ ಮಾಡಿದಾಗ ಒಳಗೆ ಉಬ್ಬಿ ಬಂದದ್ದು ರಬ್ಬರಿನ ಹುಳದಂತೆ ಕಳಚಿಕೊಂಡು ನೇರ ಜಾಲರಿಗೆ ಅಂಟುತ್ತದೆ. ಕೆಸರು ಮಾಡಿದ ಕೆಲಸವನ್ನೇ ಇದೂ ಮಾಡುತ್ತದೆ, ಅದಕ್ಕಿಂತ ಬೇಗ.

ರೇಡಿಯೇಟರನ್ನು ನಿಲ್ಲಿಸಿ, ಕೆಳಗಿನ ಬಾಯಿ ತೆರೆದು ಮೇಲಿನಿಂದ ಬಕೆಟ್ ನೀರು ಸುರಿಯಿರಿ. ಸುರಿದಷ್ಟೇ ವೇಗದಲ್ಲಿ ಹೊರಬರಬೇಕು. ಒಳಗೆ ಬಿಳಿ ಪೊರೆ ಕಂಡರೆ ಆಸಿಡ್ ಹಾಕಿ ಸರಿಮಾಡಿಸಲು ಹೋಗಬೇಡಿ, ತೆಳು ಅಲ್ಯೂಮಿನಿಯಂ ಕೊಳವೆ ತಾಳುವುದಿಲ್ಲ, ಹೊಸದು ಹಾಕಿ. ಹೀಟರ್ ಕಾಯಿಲನ್ನು ಹರಿಯುವ ದಿಕ್ಕಿಗೆ ಎದುರಾಗಿ, ಕಡಿಮೆ ಒತ್ತಡದ ಪೈಪಿನಿಂದ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಹಳೆಯ ಎಂಜಿನ್ ಆಯಿಲ್ ಸುಡುತ್ತಿತ್ತು ಎಂದರೆ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಒಳಗೂ ಇಣುಕಿ. ಕಟ್ಟಿದ್ದರೆ ಹೊಸ ಎಂಜಿನ್ ಉಸಿರುಗಟ್ಟಿ ಬಿಸಿಯಾಗುತ್ತದೆ. ಡೀಸೆಲ್ ಆದರೆ ಹಳೆಯ ಆಯಿಲ್ ಕೂಲರ್ ಎಸೆದು ಹೊಸದು ಹಾಕಿ, ಅದರ ಸಂದುಗಳಲ್ಲಿ ಸಿಕ್ಕ ಬೇರಿಂಗ್ ಪುಡಿ ತೊಳೆದರೆ ಹೋಗುವುದಿಲ್ಲ. ಟರ್ಬೊದ ಆಯಿಲ್ ಪೈಪ್ ಹೊಸದಿರಲಿ, ಇಂಟರ್‌ಕೂಲರ್‌ನಲ್ಲಿ ನಿಂತ ಆಯಿಲ್ ಪೂರ್ತಿ ಬಸಿಯಿರಿ.

ಏರಿಸುವುದು

ಹಿಂದಿನ ಸೀಲ್ ಹಾಕಿ, ಫ್ಲೈವೀಲ್ (ಕ್ರ್ಯಾಂಕಿನ ಹಿಂತುದಿಯ ಭಾರದ ಚಕ್ರ) ಬೋಲ್ಟ್‌ಗಳನ್ನು ಮ್ಯಾನುಯಲ್ ಹೇಳಿದ ಟಾರ್ಕಿಗೆ ಅಡ್ಡಡ್ಡ ಬಿಗಿಯಿರಿ. ಕ್ಲಚ್ ಪ್ಲೇಟಿನ ಫ್ಲೈವೀಲ್ ಕಡೆಯ ಮುಖ ನೋಡಿ, ಅಲೈನ್‌ಮೆಂಟ್ ಟೂಲ್‌ನಿಂದ ನಡುಮಧ್ಯಕ್ಕೆ ತಂದು ಪ್ರೆಶರ್ ಪ್ಲೇಟ್ ಕೂರಿಸಿ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಜೋಡಣೆ ಸರಿಯಾಗಿ ಹೊಂದಿಸುವ ಎರಡು ಡೋವೆಲ್ ಪಿನ್ ಹಳೆಯ ಬ್ಲಾಕಿನಲ್ಲೇ ಉಳಿದಿಲ್ಲ ತಾನೇ, ನೋಡಿಕೊಳ್ಳಿ. ಗೇರ್‌ಬಾಕ್ಸ್ ಕೈಯಿಂದ ತಳ್ಳಿದರೆ ಪೂರ್ತಿ ಕೂರಬೇಕು. ಅರ್ಧ ಇಂಚು ಸಂದು ಉಳಿದಾಗ ಬೋಲ್ಟ್ ಹಾಕಿ ಎಳೆದರೆ ಕ್ಲಚ್ ಪ್ಲೇಟ್ ಬಾಗುತ್ತದೆ ಇಲ್ಲವೇ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚುವ ಗೇರ್‌ಬಾಕ್ಸಿನ ಕವಚ) ಬಿರಿಯುತ್ತದೆ.

ಇಳಿಸಿದ ಕ್ರಮವನ್ನೇ ಹಿಂದುಮುಂದಾಗಿ ಮಾಡುತ್ತಾ ಬನ್ನಿ. ಮೌಂಟಿಂಗ್ ಬೋಲ್ಟ್‌ಗಳನ್ನೆಲ್ಲ ಸಡಿಲವಾಗಿ ಹಾಕಿ, ಎಂಜಿನ್ ತನ್ನ ಜಾಗದಲ್ಲಿ ನೆಲೆಯಾದ ಮೇಲೆ ಬಿಗಿಯಿರಿ, ಇಲ್ಲದಿದ್ದರೆ ಸ್ಟೀರಿಂಗ್ ನಡುಗುತ್ತದೆ. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ವೈರ್ ಮರೆಯುವುದು ಬಹಳ ಸಾಮಾನ್ಯ. ಸ್ಟಾರ್ಟರಿನ ಕರೆಂಟು ಆಗ ಕ್ಲಚ್ ಕೇಬಲ್, ಗೇರ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ, ಕೇಬಲ್ ಕಾದು ಕರಗುತ್ತದೆ.

ಮೊದಲ ಸ್ಟಾರ್ಟ್

ಒಣ ಬೇರಿಂಗಿನ ಮೇಲೆ ಎಂಜಿನ್ ಸ್ಟಾರ್ಟ್ ಆಗಬಾರದು. ಆಯಿಲ್ ಹಾಕಿ, ಪ್ಲಗ್ ಹೊರಗಿಟ್ಟು, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರ್ ಕಳಚಿ, ಸ್ಟಾರ್ಟರನ್ನು ಹತ್ತು ಸೆಕೆಂಡ್ ತಿರುಗಿಸಿ, ಅರ್ಧ ನಿಮಿಷ ಬಿಡಿ, ಮತ್ತೆ ತಿರುಗಿಸಿ. ಆಯಿಲ್ ದೀಪ ಆರುವವರೆಗೆ ಹೀಗೆ ಮಾಡಿ. ಆರೇಳು ಸಲಕ್ಕೂ ಆರದಿದ್ದರೆ ಪ್ರೆಶರ್ ಸ್ವಿಚ್ ಜಾಗದಲ್ಲಿ ಆಯಿಲ್ ಒತ್ತಡದ ಗೇಜ್ ಹಾಕಿ ನೋಡಿ, ಸುಮ್ಮನೆ ಸ್ಟಾರ್ಟ್ ಮಾಡಬೇಡಿ.

ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಬೆರೆಸಿಯೇ ಮಾರುವ ಕೂಲಂಟ್ ಆದರೆ ನೀರು ಸೇರಿಸುವಂತಿಲ್ಲ, ಡಬ್ಬಿ ಓದಿ. ಮುಂದಿನ ಚಕ್ರ ಎತ್ತರಕ್ಕೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಕ್ಯಾಪ್ ತೆರೆದಿಟ್ಟು ತುಂಬಿ. ಪ್ಲಗ್, ಕನೆಕ್ಟರ್ ಹಾಕಿ ಸ್ಟಾರ್ಟ್ ಮಾಡಿದರೆ ಐದು ಸೆಕೆಂಡಿನೊಳಗೆ ಆಯಿಲ್ ದೀಪ ಆರಬೇಕು. ಫ್ಯಾನ್ ಎರಡು ಸಲ ಓಡಿ ನಿಲ್ಲುವವರೆಗೆ ಗುಳ್ಳೆ ಹೊರಬರಲು ಬಿಡಿ, ಮಟ್ಟ ಇಳಿದಂತೆ ತುಂಬಿ, ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ. ಬಿಸಿಯಾದ ಎಂಜಿನ್ ಐಡಲ್‌ನಲ್ಲಿ ಆಯಿಲ್ ಒತ್ತಡದ ಗೇಜ್ 10 ಪಿಎಸ್‌ಐಗಿಂತ ಕೆಳಗೆ ತೋರಿಸಿದರೆ ತಂದ ಎಂಜಿನ್ನಿನ ಬೇರಿಂಗೂ ಸವೆದಿರಬಹುದು. ಅಂಗಡಿಯವರ ವಾರಂಟಿ ಮುಗಿಯುವ ಮುಂಚೆ ಇದು ಗೊತ್ತಾಗುವುದು ಒಳ್ಳೆಯದು. ಸ್ಕ್ಯಾನರ್ ಹಾಕಿ ಕಾರಿನ ಕಂಪ್ಯೂಟರಿನಲ್ಲಿ ಉಳಿದ ದೋಷದ ಕೋಡ್ ಓದಿಸಿ.

ಟೆಸ್ಟ್ ಡ್ರೈವ್‌ಗೆ ಮೊದಲ ದಿನ ಊರೊಳಗೇ ಐದಾರು ಕಿ.ಮೀ., ತಣ್ಣಗಾದ ಮೇಲೆ ಆಯಿಲ್ ಕೂಲಂಟ್ ನೋಡಿ, ಮಾರನೆಯ ದಿನ ಹೆದ್ದಾರಿಯಲ್ಲಿ ಮುಳಬಾಗಿಲಿನವರೆಗೆ ಹೋಗಿ ಬನ್ನಿ. ಬೋರಿಂಗ್ ಮಾಡಿಸಿದ ಎಂಜಿನ್ ಆದರೆ ಮೊದಲ ಸಾವಿರ ಕಿ.ಮೀ. 3,000 ಆರ್‌ಪಿಎಂ ಮೀರದಿರಲಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದೂ ಬೇಡ. ಬೋರಿಂಗ್ ಆಗಲಿ ಗುಜರಿಯದಾಗಲಿ, 500 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಇಳಿಸಿದ ಆಯಿಲನ್ನು ಬಿಸಿಲಿಗೆ ಹಿಡಿದು ಮಿನುಗುವ ಪುಡಿ ಇದೆಯೇ ನೋಡಿ. ಆಮೇಲೆ 3,000ಕ್ಕೊಮ್ಮೆ, ಅಲ್ಲಿಂದ ಮುಂದೆ ನಮ್ಮ ಧೂಳು ರಸ್ತೆಗೂ ಬಿಸಿಲಿಗೂ 5,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿಯಲ್ಲಿ ತೋಟದ ದಾರಿಯಲ್ಲೇ ಓಡುವ ಗಾಡಿಯ ಏರ್ ಫಿಲ್ಟರನ್ನು ತಿಂಗಳಿಗೊಮ್ಮೆ ತೆಗೆದು ನೋಡಿ. ಹರಿದ ಫಿಲ್ಟರಿನಿಂದ ನುಗ್ಗುವ ಮಣ್ಣು ರಿಂಗನ್ನು ಉಪ್ಪುಕಾಗದದಂತೆ ತೇಯುತ್ತದೆ. ಡಿಪ್‌ಸ್ಟಿಕ್ ಹದಿನೈದು ದಿನಕ್ಕೊಮ್ಮೆ, ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಸಮ ನೆಲದಲ್ಲಿ.

ಹಳೆಯ ಬ್ಲಾಕನ್ನು ಹೊಸ ನಂಬರ್ ಆರ್‌ಸಿಗೆ ಏರುವವರೆಗೆ ಗುಜರಿಗೆ ಹಾಕಬೇಡಿ, ತಪಾಸಣೆಯಲ್ಲಿ ಕೇಳಬಹುದು. ಇಳಿಸಿದ ಆಯಿಲನ್ನು ಚರಂಡಿಗೋ ಬೋರ್‌ವೆಲ್ ಪಕ್ಕದ ಗುಂಡಿಗೋ ಸುರಿಯದೆ ಕ್ಯಾನಿನಲ್ಲಿ ತುಂಬಿಟ್ಟು, ಸುಟ್ಟ ಆಯಿಲ್ ಕೊಳ್ಳುವ ಪರವಾನಗಿ ಇರುವವರಿಗೆ ಕೊಡಿ.